ಕಸಿನ್ ಹಾಕಿದ ಜಡೆ

ಆಗೆಲ್ಲ ಕದ್ರಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಬಾಚಣಿಗೆ. ಬೆಳಿಗ್ಗೆ ಅದು ಅಕ್ಕನ ಕೈಯಲ್ಲಿ. ಮೆಟ್ಟಿಲಲ್ಲಿ ಅವಳು ಮೇಲೆ, ನಾನು ಕೆಳಗೆ. ತೆಂಗಿನೆಣ್ಣೆ, ಮಲ್ಲಿಗೆ, ಒಳಗಿನಿಂದ ನೀರುದೋಸೆಯ ಪರಿಮಳ. "ತಲೆ ಆಡಿಸ್ಬೇಡ ಮಾರಾಯ್ತಿ" ಎಂದು ಕಿವಿ ಹಿಂಡುತ್ತಿದ್ದಳು.

ಅಕ್ಕ ಎಂದರೆ ದೊಡ್ಡಮ್ಮನ ಮಗಳು ಸುಮತಿ. ದೊಡ್ಡಮ್ಮ ತೀರಿಕೊಂಡಾಗ, ಆರು ವರ್ಷದವಳು, ನಮ್ಮಲ್ಲಿಗೆ ಬಂದಳು. ಅವಳ ಅಪ್ಪ ಊರಲ್ಲೇ ಉಳಿದರು. ನಮ್ಮ ತುಳುವರಲ್ಲಿ ಅಮ್ಮನ ಅಕ್ಕತಂಗಿಯರ ಮಕ್ಕಳೂ ಒಡಹುಟ್ಟಿದವರೇ. ಅದಕ್ಕೆ ಬೇರೆ ಹೆಸರಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದೆ. ಪರೀಕ್ಷೆಗೆ ಮುಂಚಿನ ಸೆಕೆಯಲ್ಲಿ ಇಂಗ್ಲಿಷ್ ಟೀಚರ್, ನಾವೆಲ್ಲ ತಪ್ಪಾಗಿ ಬಳಸುವ ಶಬ್ದಗಳನ್ನು ಬರೆಸಿದರು. 'ರಿಟರ್ನ್ ಬ್ಯಾಕ್' ಬೇಡ, 'ರಿಟರ್ನ್' ಸಾಕು. 'ಕಸಿನ್ ಸಿಸ್ಟರ್' ಬೇಡ, 'ಕಸಿನ್' ಸಾಕು. ನನಗೆ ಕೋಡು ಬಂತು. ಮನೆಯಲ್ಲಿ ಎಲ್ಲರನ್ನೂ ತಿದ್ದತೊಡಗಿದೆ. "ಆಯ್ತು ಟೀಚರಮ್ಮ" ಎಂದು ಅಪ್ಪ ನಗುತ್ತಿದ್ದರು.

ಶನಿವಾರ ಅಕ್ಕ ಬಲ್ಮಠದ ತನ್ನ ಹೊಲಿಗೆ ಕ್ಲಾಸಿಗೆ ನನ್ನನ್ನು ಕರೆದುಕೊಂಡು ಹೋದಳು. ಗೆಳತಿಯರಿಗೆ, "ಇವಳು ನನ್ನ ಸಿಸ್ಟರ್" ಎಂದಳು.

"ಸಿಸ್ಟರ್ ಅಲ್ಲ, ಕಸಿನ್" ಎಂದೆ ಜೋರಾಗಿ. "ಸಿಸ್ಟರ್ ಹೇಳಿದ್ರೆ ತಪ್ಪು."

ಗೆಳತಿಯರು ನಕ್ಕರು. ಅಕ್ಕ ನಗಲಿಲ್ಲ.

ಸಂಜೆ ಗಂಜಿಗೆ ಕೂತಾಗ ಅವಳು ಕೇಳಿದಳು, "ಚಿಕ್ಕಮ್ಮ, ಉಪ್ಪಿನಕಾಯಿ ತೆಗೀಲಾ?"

ಅಮ್ಮನ ಕೈಯ ಸೌಟು ನಿಂತಿತು. ಅಷ್ಟು ವರ್ಷ ಆ ಮನೆಯಲ್ಲಿ ಅವಳು ಕೇಳಿ ತೆಗೆದದ್ದೇ ಇಲ್ಲ. ಮರುದಿನ ಮಜ್ಜಿಗೆಗೂ ಕೇಳಿದಳು. ಮತ್ತೆ ಹೇಳಿದಳು, "ಬಿಸು ಹಬ್ಬಕ್ಕೆ ಊರಿಗೆ, ಅಪ್ಪನಲ್ಲಿಗೆ ಹೋಗ್ತೇನೆ. ಅಲ್ಲೇ ಇರ್ತೇನೆ."

ಅಮ್ಮ ನನ್ನ ಬಾಯಿ ಬಿಡಿಸಿದರು. ಹೊಡೆಯಲಿಲ್ಲ. "ಟೀಚರ್ ಶಾಲೆಯ ಇಂಗ್ಲಿಷ್ ಸರಿ ಮಾಡ್ಲಿ. ನಮ್ಮ ಮನೆಯಲ್ಲಿ ಎಂತ ಹಾಳಾಗಿತ್ತು, ನೀನು ಸರಿ ಮಾಡ್ಲಿಕ್ಕೆ?" ಎಂದರು, ಅಷ್ಟೇ.

ಸೋಮವಾರ ಬೆಳಿಗ್ಗೆ ಬಾಚಣಿಗೆ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ಕೂತೆ. ಶಾಲೆಗೆ ಹೊತ್ತಾಯಿತು. ನಾನು ಏಳಲಿಲ್ಲ. ದೇವರೇ, ಅವಳು ಬರಲಿ ಎಂದಷ್ಟೇ ಬೇಡಿದೆ. ಕೊನೆಗೆ ಹಿಂದಿನಿಂದ ಸ್ವರ ಬಂತು, "ಕಸಿನ್ ಹಾಕಿದ ಜಡೆ ಆಗ್ತದಾ ನಿನಗೆ?"

"ನೀನು ಹೋಗ್ಬೇಡ ಅಕ್ಕ" ಎಂದು ಅತ್ತುಬಿಟ್ಟೆ.

ಅವಳು ಕೂದಲನ್ನು ಬುಡದಿಂದ ಜಗ್ಗಿ ಹೆಣೆದಳು. "ಈಗ ಅಳು. ಈಗ ಕಾರಣ ಉಂಟು."

ಬಿಸುವಿಗೆ ಹೋದವಳು ಮೂರೇ ದಿನದಲ್ಲಿ ಬಂದಳು. ಬಂದವಳೇ ಒಳಗೆ ಹೋಗಿ, ಯಾರನ್ನೂ ಕೇಳದೆ ಭರಣಿಗೆ ಕೈ ಹಾಕಿ ಉಪ್ಪಿನಕಾಯಿ ತೆಗೆದಳು.

ಈಗ ಅಕ್ಕ ಶಕ್ತಿನಗರದಲ್ಲಿದ್ದಾಳೆ. ಸೋಮವಾರ ಕದ್ರಿ ದೇವಸ್ಥಾನದಲ್ಲಿ ಸಿಗುತ್ತಾಳೆ, ನನ್ನ ಮುಡಿಯ ಹೂ ಸರಿಮಾಡುತ್ತಾಳೆ. ಅಷ್ಟು ದಯೆ ದೇವರದು. ಅವಳ ಮಗಳು, ನನ್ನ ಮಗಳು ಒಬ್ಬರನ್ನೊಬ್ಬರು 'ಕಸಿನ್' ಎಂದೇ ಹೇಳಿಕೊಳ್ಳುತ್ತಾರೆ. ಯಾರಿಗೂ ನೋವಿಲ್ಲ. ಅವರು ಸಿಗುವುದು ವರ್ಷಕ್ಕೆರಡು ಸಲ, ಮದುವೆ ಹಾಲ್‌ಗಳಲ್ಲಿ. ಇಂಗ್ಲಿಷ್ ಇಬ್ಬರದ್ದೂ ಸರಿಯಾಗಿಯೇ ಉಂಟು.

ಮೊನ್ನೆ ಅಕ್ಕನ ಮಗಳು ಮನೆಗೆ ಬಂದಿದ್ದಳು. ನಾನು ಸಾರು ಬಡಿಸುತ್ತಿದ್ದೆ. ಅವಳು ಫ್ರಿಜ್ ಮುಂದೆ ನಿಂತು, ಬಹಳ ಮರ್ಯಾದೆಯಿಂದ ಕೇಳಿದಳು, "ಚಿಕ್ಕಮ್ಮ, ನೀರು ತೆಗೀಲಾ?"

ನನ್ನ ಕೈಯ ಸೌಟು ನಿಂತಿತು.