ಕಿಟಕಿ ಪಕ್ಕದ ಹಳೇ ಫ್ರಿಜ್ಜು

ಗಡಿಯಾರ ರಿಪೇರಿಯವರಿಗೆ ಬೀದಿಯವರು ಇಟ್ಟ ಹೆಸರು ‘ಉಳಿತಾಯ’. ಸವೆದ ಸೋಪಿನ ಚೂರುಗಳನ್ನು ಹಳೇ ಕಾಲುಚೀಲಕ್ಕೆ ತುಂಬಿ ಕೈ ತೊಳೆಯುವವರು, ಚಪ್ಪಲಿಗೆ ನಾಲ್ಕನೇ ಸಲ ಅಟ್ಟೆ ಹಾಕಿಸಿದವರು. ಇಪ್ಪತ್ತು ವರ್ಷ ಜುಗ್ಗ ಎಂದು ಆಡಿಕೊಂಡ ಜನ ಈಚೆಗೆ ಪರಿಸರಪ್ರೇಮಿ ಎನ್ನತೊಡಗಿದ್ದರು. ಅದಕ್ಕೇನಾದರೂ ಚಂದಾ ಕೊಡಬೇಕಾದೀತು ಎಂದು ಅವರು ಕೆಲವು ದಿನ ತಲೆತಪ್ಪಿಸಿಕೊಂಡು ಓಡಾಡಿದರು.

“ಅಪ್ಪಾ, ನಮ್ಮ ಫ್ರಿಜ್ಜು ಹೊಸದರ ಎರಡರಷ್ಟು ಕರೆಂಟು ತಿನ್ನುತ್ತೆ” ಎಂದಳು ಮಗಳು ಒಂದು ದಿನ.

ಬಾಯಿಮಾತನ್ನು ನಂಬುವ ಜಾಯಮಾನ ಅವರದಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಎರಡು ದಿನ ಮೀಟರಿನ ಮುಂದೆ ಕೂತರು. ಮೂರನೇ ದಿನ ಅಡುಗೆಮನೆಗೆ ಹೊಸ ಫ್ರಿಜ್ಜು ಬಂತು. ಐದು ಸ್ಟಾರಿನದು, ಕಂತಿಲ್ಲ, ಪೂರ್ತಿ ನಗದು. ಹಳೆಯದನ್ನು ಮಾತ್ರ ಅಂಗಡಿಯವನಿಗೆ ಕೊಡಲಿಲ್ಲ. ಅವನು ಹೇಳಿದ ಬೆಲೆಗೆ ಅವರ ಮೈ ಉರಿದಿತ್ತು. ಅದನ್ನು ಹಾಲ್‌ನ ಕಿಟಕಿ ಪಕ್ಕಕ್ಕೆ ತಳ್ಳಿ, ಒಳಗೆ ಎರಡು ನೀರಿನ ಬಾಟಲಿ ಇಟ್ಟು, ಸ್ವಿಚ್ ಹಾಕಿದರು.

“ಒಂದು ಸಾಲದೇನ್ರೀ?” ಎಂದರು ಹೆಂಡತಿ.

“ಓಡ್ತಾ ಇರೋ ಮಷೀನನ್ನ ನಿಲ್ಲಿಸಿದ್ರೆ ಕೆಟ್ಟುಹೋಗುತ್ತೆ.”

ಆ ಜಾಗದಲ್ಲಿ ಇದ್ದದ್ದು ಹೆಂಡತಿಯ ಹೊಲಿಗೆ ಯಂತ್ರ. ಅದು ಒಳಗಿನ ಕತ್ತಲೆ ಓಣಿಯಂಥ ಕೋಣೆಗೆ ಹೋಯಿತು. ಶನಿವಾರದೊಳಗೆ ಹೋಟೆಲಿನವರಿಗೆ ಹತ್ತು ಕಪ್ಪು ಕೋಟು ಕೊಡಬೇಕಿತ್ತು. ಬಲ್ಬಿನ ಕೆಳಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದೆ ಹೆಂಡತಿ ಹೊಲಿದದ್ದನ್ನೇ ಬಿಚ್ಚಿದರು, ಬಿಚ್ಚಿದ್ದನ್ನೇ ಹೊಲಿದರು. ಗುರುವಾರ ಬೆಳಿಗ್ಗೆಗೆ ಮೂರು ಕೋಟು ಆಗಿದ್ದವು. ಅದರಲ್ಲಿ ಒಂದರ ತೋಳು ತಿರುಗಾಮುರುಗಾ.

“ಈ ಕೆಲಸ ಕೈ ಬಿಟ್ರೆ ಹೋಟೆಲಿನವರು ಮತ್ತೆ ಈ ಕಡೆ ತಲೆ ಹಾಕಲ್ಲ” ಎಂದು ಹೆಂಡತಿ ಕತ್ತರಿ ಕೆಳಗಿಟ್ಟರು. “ಆಮೇಲೆ ನಾನು ನಿಮ್ಮ ಆ ಎರಡು ಬಾಟಲಿ ಕಾಯ್ತಾ ಕೂತಿರ್ತೀನಿ.”

ಉಳಿತಾಯದವರು ಮೀಟರಿನ ಹತ್ತಿರ ಹೋದರು. ಹಳೇ ಫ್ರಿಜ್ಜು, ಹೊಸ ಫ್ರಿಜ್ಜು, ಹಗಲೆಲ್ಲ ಉರಿಯುವ ಬಲ್ಬು. ಕರೆಂಟು ಉಳಿಸಲು ಹೊರಟ ಮೇಲೆ ಮನೆಯಲ್ಲಿ ಇಷ್ಟು ಕರೆಂಟು ಹಿಂದೆಂದೂ ಖರ್ಚಾಗಿರಲಿಲ್ಲ. ಅವರು ಹಳೇ ಫ್ರಿಜ್ಜಿನ ಪ್ಲಗ್ಗು ಕಿತ್ತು, ಅಂಗಡಿಯವನಿಗೆ ಫೋನ್ ಮಾಡಿದರು.

ಅವನು ಬಂದು ಮೊದಲು ಹೇಳಿದ್ದರ ಅರ್ಧ ಬೆಲೆ ಹೇಳಿದ.

“ಹೋದ ವಾರ ಜಾಸ್ತಿ ಹೇಳಿದ್ದೆಯಲ್ಲಯ್ಯಾ!”

“ಹೋದ ವಾರ ನೀವು ಕೊಡ್ಲಿಲ್ಲವಲ್ಲ ಸ್ವಾಮಿ.”

ಅವರು ಕಿಟಕಿಯ ಮುಂದೆ ಫ್ರಿಜ್ಜಿಗೆ ಅಡ್ಡ ನಿಂತು ಚೌಕಾಸಿಗೆ ಇಳಿದರು. ಒಳಗಿನಿಂದ ಹೆಂಡತಿ ಯಂತ್ರ ಎಳೆದುಕೊಂಡು ಬಂದರು.

“ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ಆಗ್ತಿದೀರಿ.”

ಅವರು ಸರಿದರು. ಫ್ರಿಜ್ಜೂ ಹೊರಗೆ ಹೋಯಿತು, ಅರ್ಧ ಬೆಲೆಗೇ.