ಎಡಗೈ ಬಿಚ್ಚಿದ ಅಕ್ಕೋರು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಾಲು ಮಾರುವವಳನ್ನೂ ನಂಬುತ್ತಿರಲಿಲ್ಲ, ಹಾಲನ್ನೂ ನಂಬುತ್ತಿರಲಿಲ್ಲ. ಸ್ವಾತಂತ್ರ್ಯ ಬಂದು, ನಮ್ಮ ಲಕ್ಷ್ಮೇಶ್ವರ ಸೀಮೆ ಸಂಸ್ಥಾನದಿಂದ ಮುಂಬೈ ಸರಕಾರದೊಳಗೆ ಸೇರಿಹೋದ ಹೊಸತರಲ್ಲಿ ನಮ್ಮೂರ ಶಾಲೆಗೆ ಬೆಟಗೇರಿ ಕಡೆಯಿಂದ ಒಬ್ಬ ಅಕ್ಕೋರು ಬಂದರು. ಹೆಂಗಸೊಬ್ಬಳು ಪಾಠ ಹೇಳುವುದನ್ನು ಊರು ಕಂಡದ್ದು ಅದೇ ಮೊದಲು. ಆಯಿಗೆ ಅಂದೇ ನಿದ್ದೆ ಹಾರಿತು.

ನಾನು ರೊಡ್ಡಿ. ಉಣ್ಣುವುದು, ಬರೆಯುವುದು, ಕಲ್ಲು ಒಗೆಯುವುದು ಎಲ್ಲ ಎಡಗೈಯಲ್ಲೇ. ಹಳೆಯ ಮಾಸ್ತರರು ಆ ಕೈಯನ್ನು ಅರಿವೆಯ ಚೂರಿನಿಂದ ನಡುವಿಗೆ ಕಟ್ಟಿ, ಬಲಗೈಗೆ ಬಳಪ ಕೊಟ್ಟು, ಅಕ್ಷರ ಸೊಟ್ಟಗಾದರೆ ಛಡಿ ಬೀಸುತ್ತಿದ್ದರು. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂದು ಮನೆಯವರಿಗೂ ಅದು ಸಮಾಧಾನವೇ. ಹೊಸ ಅಕ್ಕೋರು ಮೊದಲ ದಿನವೇ ಗಂಟು ಬಿಚ್ಚಿದರು.

“ಯಾವ ಕೈಲೆ ಬರತೈತಿ, ಆ ಕೈಲೇ ಬರಿ ನೀ,” ಅಂದರು.

ನನಗೇ ನಂಬಿಕೆ ಬರಲಿಲ್ಲ. ಹೊಡೆಯುವವರು ಹೊಡೆದು ಮುಗಿಸುತ್ತಾರೆ. ಹೊಡೆಯದವರು ಏನು ಕೂಡಿಟ್ಟುಕೊಂಡಿದ್ದಾರೋ ಎಂದು ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಕೂಡುತ್ತಿದ್ದೆ. ಅಕ್ಕೋರು ಬೈಯಲೂ ಇಲ್ಲ. ಪಾಟಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳಲು ತೋರಿಸಿದರು, ಉಸುಕಿನಲ್ಲಿ ಬೆರಳಿನಿಂದ ತಿದ್ದಿಸಿದರು. ‘ಅ’ ನೆಟ್ಟಗೆ ಬಂದ ದಿನ ಚೂರು ಬೆಲ್ಲ ಕೊಟ್ಟರು.

“ಬೆಲ್ಲಾ ಯಾಕ ಕೊಟ್ಲು?” ಸಂಜೆ ಆಯಿಯ ವಿಚಾರಣೆ.

“ಚಂದ ಬರದೆ ಅಂತ.”

“ಎಡಗೈಲೆ ಬರದದ್ದಕ್ಕ ಬೆಲ್ಲಾ? ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ಆಕೀದು ಏನೋ ಹಂಚಿಕಿ ಐತಿ.”

ಅವ್ವನ ಚಿಂತೆ ಬೇರೆ. ಮನೆಗೆ ಬಂದ ನೆಂಟರಿಗೆ ನಾನು ಎಡಗೈಯಲ್ಲಿ ರೊಟ್ಟಿ ನೀಡಿಬಿಟ್ಟಿದ್ದೆ. ಅವರು ಹೋದ ಮೇಲೆ ಅವಳು, “ಇದನ್ನ ನಾಳೆ ಯಾರು ಲಗ್ನಾ ಮಾಡ್ಕೋತಾರ? ಶಾಲಿ ಬಿಡಿಸಿ ಆ ಕೈಗೆ ಒಂದು ಬರಿ ಹಾಕಿದ್ರ ತಾನ ನೆಟ್ಟಗಾಗ್ತಾಳ,” ಅಂದಳು. ನಮ್ಮ ಕಡೆ ಬರೆಯುವುದಕ್ಕೂ ‘ಬರಿ’, ಕಾದ ಕಬ್ಬಿಣದಿಂದ ಸುಡುವುದಕ್ಕೂ ‘ಬರಿ’. ಎರಡೂ ನನ್ನ ಎಡಗೈಗೇ ಗಂಟುಬಿದ್ದಿದ್ದವು.

ಆಯಿ ಬೇಡ ಅನ್ನಲಿಲ್ಲ. “ತಡಿ, ಮೊದಲ ಆಕಿ ಹಂಚಿಕಿ ಏನಂತ ನೋಡ್ಕೊಂಡ ಬರ್ತೀನಿ,” ಅಂದಳಷ್ಟೇ.

ಮರುದಿನದಿಂದ ಅವಳು ಬತ್ತಿ ಹೊಸೆಯುವ ಹತ್ತಿ ಹಿಡಿದು ಶಾಲೆಯ ಹೊಸ್ತಿಲ ಬಳಿ ಕೂತಳು. ಅಕ್ಕೋರು ಕುಡಿಯಲು ನೀರು ಕೊಟ್ಟರೆ ಮೂಸಿ ನೋಡಿ ಕೆಳಗಿಟ್ಟಳು. ಮಕ್ಕಳು ನಕ್ಕರೆ ಯಾಕೆ ನಕ್ಕಿರಿ ಎಂದು ಕೇಳಿದಳು. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚು ಸಿಟ್ಟು. ಒಂದು ಮಧ್ಯಾಹ್ನ ನಾಯಿಯೊಂದು ಮಕ್ಕಳ ಬುತ್ತಿಗೆ ಬಾಯಿ ಹಾಕಿತು. ಅಕ್ಕೋರು ತಟ್ಟನೆ ಕಲ್ಲು ಎತ್ತಿ ಒಗೆದರು. ಎಡಗೈಯಿಂದ.

“ಈಗ ಸಿಕ್ರಿ ನೋಡ್ರಿ!” ಆಯಿ ಹತ್ತಿ ಬಿಟ್ಟು ಎದ್ದಳು. “ನೀವೂ ರೊಡ್ಡಿ! ಹಲಗಿ ಮ್ಯಾಲ ಅಷ್ಟ ಬಲಗೈ. ನಮ್ಮ ಹುಡುಗಿನ್ನೂ ನಿಮ್ಹಂಗ ಮಾಡಾಕ ಹೊಂಟೀರಿ, ಖರೆ ಹೇಳ್ರಿ!”

ಅಕ್ಕೋರು ಎಡಗೈ ಚಾಚಿ ತೋರಿಸಿದರು. ಅಂಗೈ ತುಂಬ ಹಳೆಯ ಸುಟ್ಟ ಕಲೆ. ಕಿರುಬೆರಳೂ ಅದರ ಪಕ್ಕದ್ದೂ ಅರ್ಧ ಮಡಚಿಕೊಂಡೇ ಇದ್ದವು.

“ಯಾರು ಹಾಕಿದ್ರು ತಂಗೀ?” ಆಯಿಯ ದನಿ ಇಳಿದಿತ್ತು.

“ನಮ್ಮವ್ವರಿ. ಲಗ್ನ ಆಗಲಿ ಅಂತ.”

“ಆತೇನು?”

“ಈ ಕೈ ನೋಡಿ ಯಾರೂ ಒಪ್ಪಲಿಲ್ಲರಿ.”

ಆಯಿ ಮರುದಿನ ಶಾಲೆಗೆ ಬರಲಿಲ್ಲ, ನನ್ನನ್ನು ಕಳಿಸಿದಳು. ಅವಳ ಸಂಶಯವೇನೂ ಸಾಯಲಿಲ್ಲ, ಮಗ್ಗಲು ಬದಲಿಸಿತು. ಅವ್ವ ಒಲೆಯ ಮುಂದೆ ಕೂತು ನನ್ನನ್ನು ಯಾವ ಕೆಲಸಕ್ಕೇ ಕರೆಯಲಿ, ಆಯಿ ಎದ್ದು ಬಂದು ನಮ್ಮಿಬ್ಬರ ನಡುವೆ ಕೂಡುತ್ತಿದ್ದಳು. “ಯಾಕ ಕರದಿ?” ಎಂದು ಸೊಸೆಯನ್ನು ಕೇಳುತ್ತಿದ್ದಳು.

ಒಮ್ಮೆ ಅವ್ವ ಅತ್ತೇಬಿಟ್ಟಳು. “ಹಡದಾಕಿನ್ನೂ ನಂಬಂಗಿಲ್ಲೇನ್ರಿ ಅತ್ತಿ?”

“ಅಕ್ಕೋರ ಕೈ ಸುಟ್ಟಾಕೀನೂ ಹಡದಾಕೀನ,” ಅಂದಳು ಆಯಿ, ಕೂತಲ್ಲಿಂದ ಕದಲದೆ.