ಅಮಾವಾಸ್ಯೆಗೆ ಬರಬೇಕಿದ್ದವಳು

ದೆವ್ವದ ಸಿನಿಮಾಗಳಿಗೆ ಹೆಸರಿಡುವವರೇ ಬೇರೆ, ಸಿನಿಮಾ ತೆಗೆಯುವವರೇ ಬೇರೆ ಇರಬೇಕು ಎಂಬ ಅನುಮಾನ ನನಗೆ ಚಿಕ್ಕಂದಿನಲ್ಲೇ ಬಂದಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿರಲಾರರು. ‘ನೂರು ಹೆಣಗಳ ಬಂಗಲೆ’ ಅಂತ ಒಂದು ಬಂದಿತ್ತು. ಬಂಗಲೆಯನ್ನು ಹೊರಗಿನಿಂದ ಒಂದೆರಡು ಸಲ ತೋರಿಸಿದರು, ಅಷ್ಟೆ. ಹೆಣ ಇದ್ದದ್ದು ಒಂದೇ, ಅದರ ಹೊಟ್ಟೆಯೂ ಮೇಲೆ ಕೆಳಗೆ ಆಡುತ್ತಿತ್ತು. ‘ರಕ್ತ ಕುಡಿಯುವ ಹುಣಸೆಮರ’ದಲ್ಲಿ ಹುಣಸೆಮರವೇ ಇರಲಿಲ್ಲ. ನಾಯಕ ನಾಯಕಿ ಯಾವುದೋ ಪಾರ್ಕಿನಲ್ಲಿ ಕುಣಿದು, ಜಗಳವಾಡಿ, ಮದುವೆಯಾಗಿ ಮನೆಗೆ ಹೋದರು. ಇನ್ನೊಂದರಲ್ಲಿ ದೆವ್ವವೇನೋ ಬಂತು, ಆದರೆ ಬಿಳಿ ಸೀರೆಯ ಕೆಳಗೆ ಅದರ ಹವಾಯಿ ಚಪ್ಪಲಿ ಕಾಣುತ್ತಿತ್ತು.

ಇವನ್ನೆಲ್ಲ ನಾನು ನೋಡಿದ್ದು ಅಪ್ಪನ ಪಕ್ಕದಲ್ಲಿ ಕೂತು. ನಮ್ಮದು ಬೆಟ್ಟದಪುರದ ಹತ್ತಿರದ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ. ಬೆಟ್ಟದಪುರದ ಬಸ್ ನಿಲ್ದಾಣದ ಎದುರಿನ ಗೋಡೆಗೆ ಹೊಸ ಪೋಸ್ಟರ್ ಬಿತ್ತೆಂದರೆ ಅಪ್ಪನ ನಡಿಗೆ ಅಲ್ಲಿಗೆ ನಿಲ್ಲುತ್ತಿತ್ತು. ಹೊಡೆದಾಟದ ಪೋಸ್ಟರು, ಅಳುವ ಅತ್ತಿಗೆಯರ ಪೋಸ್ಟರು ಅವನಿಗೆ ಬೇಡ. ಕೆದರಿದ ಕೂದಲಿರಬೇಕು, ಅಕ್ಷರಗಳಿಂದ ರಕ್ತ ಇಳಿಯುತ್ತಿರಬೇಕು. “ಈ ಸಲ ಗ್ಯಾರಂಟಿ ಕಣವ್ವ. ಹೆಸ್ರು ನೋಡು ಎಂಗದೆ,” ಅನ್ನುತ್ತಿದ್ದ. ಅಂಥದ್ದು ಪಿರಿಯಾಪಟ್ಟಣದ ಟಾಕೀಸಿಗೆ ಬರದಿದ್ದರೆ ಹುಣಸೂರಿಗೆ ಹೋಗುತ್ತಿದ್ದೆವು. ಸೊಪ್ಪಿನ ಕೆಲಸವಿಲ್ಲದ ತಿಂಗಳುಗಳಲ್ಲಿ ಕೆ.ಆರ್. ನಗರದವರೆಗೂ ಬಸ್ಸು ಹತ್ತಿದ್ದುಂಟು.

ಎಷ್ಟು ಸಲ ಮೋಸ ಹೋದರೂ ಅಪ್ಪ ಸಿಟ್ಟು ಮಾಡಿಕೊಂಡವನಲ್ಲ. ಸಿಟ್ಟೆಲ್ಲ ನನ್ನದು. ನಾನು ಮುಖ ಊದಿಸಿಕೊಂಡು ಹೊರಗೆ ಬಂದರೆ ಅವನು ಹೊಗಳುವುದಕ್ಕೆ ಏನಾದರೊಂದನ್ನು ಹುಡುಕಿಕೊಂಡು ಬರುತ್ತಿದ್ದ. “ಗಾಳಿ ಚೆನ್ನಾಗಿ ಬುಟ್ಟವ್ರೆ. ಕಿಟ್ಕಿ ಬಡ್ಕೊಂಡಿದ್ದು ನೋಡ್ದಾ?” ಇಡೀ ಸಿನಿಮಾದಲ್ಲಿ ಕಿಟಕಿ ಬಡಿದುಕೊಂಡದ್ದು ಬಿಟ್ಟರೆ ಬೇರೇನೂ ನಡೆದಿರುತ್ತಿರಲಿಲ್ಲ. ಕೊನೆಯಲ್ಲಿ ದೆವ್ವದ ವೇಷ ಹಾಕಿದ್ದವನು ನಾಯಕಿಯ ಸೋದರಮಾವನೋ ಎಸ್ಟೇಟಿನ ಮ್ಯಾನೇಜರನೋ ಆಗಿರುತ್ತಿದ್ದ. ಆಸ್ತಿಯ ಆಸೆಗೆ ಹೀಗೆ ಮಾಡಿದೆ ಎಂದು ಪೊಲೀಸರ ಮುಂದೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ನನ್ನ ತಲೆ ಸವರಿ, “ಮುಂದಿನ್ ಸಲ ಬತ್ತದೆ ಬುಡು,” ಅನ್ನುತ್ತಿದ್ದ. ಅದು ಅವನ ಖಾಯಂ ಮಾತು.

ಅವನದು ಇನ್ನೊಂದು ಚಾಳಿ ಇತ್ತು. ಪರದೆಯ ಮೇಲೆ ದೀಪ ಆರಿ, ಬಾಗಿಲು ಕಿರುಗುಟ್ಟಿ, ಇನ್ನೇನು ದೆವ್ವ ಬಂತು ಅನ್ನುವ ಹೊತ್ತಿಗೆ ಅಪ್ಪ ಸೀಟಿನಲ್ಲಿ ಕೆಳಕ್ಕೆ ಜಾರಿ, ಮುಂದಿನ ಸೀಟಿನ ಮರೆಯಿಂದ ಬರೀ ಕಣ್ಣಷ್ಟನ್ನೇ ಹೊರಗಿಟ್ಟು ನೋಡುತ್ತಿದ್ದ. ಅಷ್ಟು ದೊಡ್ಡ ಗಂಡಸು ಹೀಗೆ ಹೆದರುತ್ತಾನಲ್ಲ ಎಂದು ನಾನು ಬಾಯಿಗೆ ಲಂಗ ಅಡ್ಡ ಹಿಡಿದು ನಗುತ್ತಿದ್ದೆ.

ಅವ್ವನಿಗೆ ಸಿನಿಮಾ ಅಂದರೆ ಆಗದು. ದೆವ್ವದ ಸಿನಿಮಾವಂತೂ ಕೂಡದು. “ಆಸ್ತಿ ಬೇಕಿದ್ರೆ, ಮಖಕ್ಕೆ ಸುಣ್ಣ ಬಳ್ಕೊಳೋ ಬದ್ಲು ಅವ್ನು ಕೋರ್ಟ್‌ಗಾದ್ರೂ ಓಗ್ಬೋದಿತ್ತಲ್ಲ,” ಅನ್ನುವುದು ಅವಳ ವಿಮರ್ಶೆ. ಅಂಥವಳು ಒಂದೇ ಒಂದು ಸಲ ನಮ್ಮ ಜೊತೆ ಬಂದಳು. ಆ ಸಿನಿಮಾದ ಹೆಸರು ‘ಅಮಾವಾಸ್ಯೆಗೆ ಬಂದವಳು’. ಪೋಸ್ಟರಿನಲ್ಲಿ ರಕ್ತ ಇರಲಿಲ್ಲ, ಬುರುಡೆ ಇರಲಿಲ್ಲ. ಹೊಸ್ತಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಳು, ಮುಖ ಕಾಣುತ್ತಿರಲಿಲ್ಲ. ಅಪ್ಪ ಅದರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ದ. ಅದೇನು ಹೇಳಿ ಅವ್ವನನ್ನು ಒಪ್ಪಿಸಿದನೋ ಗೊತ್ತಿಲ್ಲ.

ಅದು ಸೊಪ್ಪು ಬೇಯಿಸುವ ಕಾಲ. ಊರಿನಲ್ಲಿ ಎಲ್ಲರ ಬ್ಯಾರನ್ನಿನಲ್ಲೂ ಬೆಂಕಿ. ಮಣ್ಣಿನ ಗೋಡೆಯ ಆ ಎತ್ತರದ ಕೋಣೆಯೊಳಗೆ ಕಡ್ಡಿಗೆ ಕಟ್ಟಿದ ಹಸಿರೆಲೆಯನ್ನು ಸಾಲಾಗಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ದಿನಗಟ್ಟಲೆ ಹದವಾಗಿ ಶಾಖ ಕೊಡಬೇಕು. ಎಲೆ ಹಳದಿಗೆ ತಿರುಗಿದ ಮೇಲೆ ಉರಿ ಏರಿಸುತ್ತ ಹೋಗಬೇಕು. ಆ ಹೊತ್ತಿನಲ್ಲಿ ಕೈ ತಪ್ಪಿದರೆ ವರ್ಷದ ದುಡಿಮೆ ಕರ್ರಗಾಗುತ್ತದೆ. ನಮ್ಮ ಬ್ಯಾರನ್ನಿನ ಎಲೆ ಅವತ್ತು ಹಳದಿಗೆ ತಿರುಗಿತ್ತು. ಸಂಜೆಯವರೆಗೆ ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದ್ದರು, ಅದಾದ ಮೇಲೆ ಅವರಿಗೆ ಅವರದೇ ಬೆಂಕಿ.

ಸಿನಿಮಾ ಚೆನ್ನಾಗಿತ್ತು. ನಾನು ಇದನ್ನು ಸುಮ್ಮನೆ ಹೇಳುತ್ತಿಲ್ಲ, ನನಗೇ ಮೈ ಜುಂ ಅಂದಿತ್ತು. ಒಂದು ಹಳೇ ಮನೆ, ತೀರಿಹೋದ ಹೆಂಗಸೊಬ್ಬಳು ಅಮಾವಾಸ್ಯೆಗೆ ಬರುತ್ತಾಳೆಂದು ಎಲ್ಲರೂ ಮಾತಾಡುತ್ತಾರೆ. ಮಾತಾಡುತ್ತಲೇ ಇರುತ್ತಾರೆ, ಅವಳು ಮಾತ್ರ ಬರುವುದಿಲ್ಲ. ನಡುವೆ ಕರೆಂಟು ಹೋಗಿ ಬಹಳ ಹೊತ್ತು ಬರಲಿಲ್ಲ. ಅವ್ವ ತಂದಿದ್ದ ಕಡಲೆಕಾಯಿ ಮುಗಿಯಿತು, ಅವಳ ತಾಳ್ಮೆಯೂ ಮುಗಿಯಿತು. ಮತ್ತೆ ಶುರುವಾಗಿ, ಕೊನೆಗೂ ಅಮಾವಾಸ್ಯೆ ಬಂದು, ಆ ಮನೆಯ ಬಾಗಿಲಿನ ಚಿಲಕ ತನ್ನಷ್ಟಕ್ಕೆ ತಾನೇ ಸರಿಯತೊಡಗಿತು. ಅಪ್ಪ ಸೀಟಿನಲ್ಲಿ ಕೆಳಕ್ಕೆ ಜಾರಿದ. ಅಷ್ಟರಲ್ಲಿ ಅವ್ವ ಎದ್ದು ನಿಂತು ಅವನ ತೋಳು ಹಿಡಿದಳು.

“ಏಳ್ರೀ, ಬಸ್ಸು ಓಯ್ತದೆ. ಸೊಪ್ಪು ಕರ್ರಗಾಯ್ತದೆ.”

“ಇರು ಕಣೆ, ಬತ್ತಾವ್ಳೆ.”

“ಬರ್ಲಿ ಬುಡಿ, ಅವ್ಳಿಗೇನು ಬ್ಯಾರನ್ ಅದಾ?”

ಅಪ್ಪ ಎದ್ದ. ಟಾಕೀಸಿನ ಬಾಗಿಲಿನ ಪರದೆ ಮುಚ್ಚುವವರೆಗೂ ಹಿಂದಕ್ಕೆ ತಿರುಗಿ ನೋಡುತ್ತಲೇ ಬಂದ.

ಆ ಸಲ ಸೊಪ್ಪು ಒಳ್ಳೆ ಬಣ್ಣಕ್ಕೆ ಬಂತು. ಅವ್ವ ಅದನ್ನು ಬಾಯಿತುಂಬ ಹೇಳುತ್ತಿದ್ದಳು. “ಸೊಪ್ಪೇನೋ ಬಂತು, ಅವ್ಳು ಬಂದ್ಳೋ ಇಲ್ವೋ,” ಅನ್ನುತ್ತಿದ್ದ ಅಪ್ಪ. ಇದು ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ನಡೆದ ಮಾತು. ಊಟಕ್ಕೆ ಕೂತಾಗ, ಸೊಪ್ಪು ಕಟ್ಟುವಾಗ, ನನ್ನ ಮದುವೆಯ ಚಪ್ಪರದ ಕೆಳಗೂ ಅಪ್ಪ ಅದನ್ನು ತೆಗೆದಿದ್ದ. ಮಿಕ್ಕ ಸಿನಿಮಾಗಳೆಲ್ಲ ಮೋಸ ಎಂದು ಖಚಿತವಾಗಿತ್ತು, ಕೊನೆ ನೋಡದ ಅದೊಂದರ ಮೇಲೆ ಮಾತ್ರ ಅವನ ಆಸೆ ಉಳಿದಿತ್ತು. ಆ ಸಿನಿಮಾ ಆಮೇಲೆ ಯಾವ ಟಾಕೀಸಿಗೂ ಬರಲಿಲ್ಲ. ಸೀಡಿ ಕಾಲದಲ್ಲಿ ಹುಣಸೂರಿನ ಸಂತೆಯಲ್ಲಿ ಹುಡುಕಿದೆವು, ಟೀವಿಯಲ್ಲಿ ಕಾದೆವು, ಸಿಗಲಿಲ್ಲ. ಅಪ್ಪ ಹಾಗೆಯೇ ಹೋಗಿಬಿಟ್ಟ.

ಅವನು ಹೋಗಿ ವರ್ಷ ತುಂಬಿದ ಮೇಲೆ ಬಂದ ಮೊದಲ ಪಿತೃಪಕ್ಷಕ್ಕೆ ಸ್ವಲ್ಪ ಮುಂಚೆ, ಹುಣಸೂರಿನ ನನ್ನ ಮನೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದಾಗ ಪೋಸ್ಟರಿನ ಆ ಹೊಸ್ತಿಲು ಕಣ್ಣಿಗೆ ಬಿತ್ತು. ಯಾರೋ ಪುಣ್ಯಾತ್ಮರು ಇಡೀ ಸಿನಿಮಾವನ್ನು ಇಂಟರ್ನೆಟ್ಟಿಗೆ ಏರಿಸಿಟ್ಟಿದ್ದರು. ಮೊದಲು ಖುಷಿಯಾಯಿತು, ಆಮೇಲೆ ಬಹಳ ಅತ್ತೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ.

“ನೀನು ನೋಡ್ಬುಟ್ಯಾ?”

“ಇನ್ನೂ ಇಲ್ಲ.”

“ನೋಡ್ಬ್ಯಾಡ. ನಿಮ್ಮಪ್ಪ ನೋಡ್ಲಿ ಮೊದ್ಲು. ಅಬ್ಬಕ್ಕೆ ತಕ್ಕೊಂಡ್ ಬಾ.”

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡಬೇಕು. ಹೊಸ ಬಟ್ಟೆ, ಮಾಂಸದ ಸಾರು, ಮುದ್ದೆ, ಕಜ್ಜಾಯ, ಬೀಡಿ ಸೇದುತ್ತಿದ್ದರೆ ಬೀಡಿ. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು. ಉಣ್ಣುತ್ತಿರುವವರಿಗೆ ಮುಜುಗರವಾಗಬಾರದಲ್ಲ.

ಅಪ್ಪನ ಫೋಟೋದ ಮುಂದೆ ಅವ್ವ ಪಂಚೆ, ಶರಟು, ಸಾರು, ಬೀಡಿಕಟ್ಟು ಎಲ್ಲ ಜೋಡಿಸಿ, ನನ್ನ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ನಾನು ಸಿನಿಮಾ ಹಚ್ಚಿ, ಸೌಂಡ್ ಜೋರು ಮಾಡಿ ಹೊರಗೆ ಬಂದೆ. ಬಾಗಿಲು ಮುಚ್ಚಿದೆವು. ಇನ್ನೂ ಬಿಸಿಲಿತ್ತು. ಜಗಲಿಯ ಮೇಲೆ ಅವ್ವ, ನಾನು, ನನ್ನ ತಮ್ಮ, ಮತ್ತೆ ಅಪ್ಪನ ಅಕ್ಕ. ಅತ್ತೆಯನ್ನು ಕೊಟ್ಟದ್ದು ಎಚ್.ಡಿ. ಕೋಟೆ ದಾಟಿ ಎನ್. ಬೇಗೂರಿಗೆ. ಅಲ್ಲಿ ಕತ್ತಲಾದರೆ ಹೊಲಕ್ಕೆ ಆನೆ ಬರುತ್ತದೆ, ದೆವ್ವಗಳಿಗೆ ಹೆದರಲು ಅವಳಿಗೆ ಪುರುಸೊತ್ತಿಲ್ಲ.

ಎಂದಿನಷ್ಟು ಹೊತ್ತಾಯಿತು. ತಮ್ಮ ಬೆಳಗಿನಿಂದ ಉಪವಾಸವಿದ್ದ. ಎದ್ದು ಚಿಲಕಕ್ಕೆ ಕೈ ಹಾಕಿದ.

“ಮುಟ್ಬ್ಯಾಡ ಕಣ್ಲಾ,” ಅಂದಳು ಅವ್ವ. “ಅವ್ಳು ಬರೋಗಂಟ ತಗಿಯಂಗಿಲ್ಲ.”

“ಪೂರ್ತಿ ಸಿನಿಮಾನಾ ಅವ್ವ?”

“ಪೂರ್ತಿ. ಅವತ್ತು ನಾನೇ ಎಬ್ಬಿಸ್ಕೊಂಡ್ ಬಂದಿದ್ದು.”

ಕೂತೆವು. ಒಳಗೆ ಗಾಳಿ ಬೀಸಿತು, ಕಿಟಕಿ ಬಡಿದುಕೊಂಡಿತು, ನಾಯಕಿ ಚೀರಿದಳು. ಚೀರಾಟದ ನಡುವೆ ಕುಕ್ಕರಿನ ಜಾಹೀರಾತು ಬಂತು. ತಮ್ಮ ನಕ್ಕ, ನಾನೂ ನಕ್ಕೆ. ಅವ್ವ ನಗಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಅವಳನ್ನು ನೋಡಿ ಅತ್ತೆ ಮಾತು ಶುರುಮಾಡಿದಳು.

“ನಮ್ಮವ್ವ ಸತ್ತಾಗ ನಿಮ್ಮಪ್ಪ ಚಿಕ್ಕುಡ್ಗ ಕಣವ್ವ. ವರ್ಸ ತುಂಬಿ ಎಡೆ ಇಟ್ವಿ, ಬಾಗ್ಲು ಮುಚ್ಚುದ್ವಿ. ಎಲ್ರೂ ಆಚ್ಗೆ ಬಂದ್ವಿ ಅನ್ಕೊಂಡ್ರೆ, ಇವ್ನು ಒಳ್ಗೇ ರಾಗಿ ತುಂಬೋ ವಾಡೆ ಹಿಂದ್ಗಡೆ ಅವಿತ್ಕೊಂಡಿದ್ದ. ಅವ್ವ ಬಂದಾಗ ನೋಡ್ಬೇಕು ಅಂತ.”

“ನೋಡಿದ್ನಾ?” ಅಂದ ತಮ್ಮ.

“ಬಾಗ್ಲು ತಗದ್ರೆ ಎದ್ದು ಬಂದ. ‘ಯಾರೂ ಬರ್ನಿಲ್ಲ ಕಣಕ್ಕ’ ಅಂದ. ನಾನೂ ಚಿಕ್ಕೋಳೇ. ‘ನೀನು ಒಳ್ಗೆ ಕೂತಿದ್ರೆ ಅವ್ವ ಎಂಗ್ಲಾ ಬತ್ತಾಳೆ, ನೀನೇ ಓಡಿಸ್ಬುಟ್ಟೆ’ ಅಂದ್ಬುಟ್ಟೆ. ಆಮ್ಯಾಕೆ ಅವ್ನು ಆ ಮಾತ್ನೇ ಎತ್ನಿಲ್ಲ.”

ಇದು ಅವ್ವನಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗೆ ಬಾಳಿದವಳಿಗೂ ಅಪ್ಪ ಇದೊಂದನ್ನು ಹೇಳಿರಲಿಲ್ಲ. ನನಗೆ ಟಾಕೀಸಿನ ಸೀಟು ನೆನಪಾಯಿತು. ಅಪ್ಪ ಹೆದರಿ ಜಾರುತ್ತಿರಲಿಲ್ಲ. ಬರುವವಳಿಗೆ ತಾನು ಕಾಣಬಾರದು, ಕಂಡರೆ ಅವಳು ತಿರುಗಿ ಹೋದಾಳು ಎಂದು ಅವಿತುಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತು ನಾನು ನಗುತ್ತಿದ್ದೆ. ನಾನು ಬೀದಿಯ ಕಡೆ ಮುಖ ತಿರುಗಿಸಿಕೊಂಡೆ.

ಬಿಸಿಲು ಇಳಿಯಿತು. ಪಕ್ಕದ ಬ್ಯಾರನ್ನಿನಿಂದ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ಒಳಗೆ ಅಮಾವಾಸ್ಯೆ ಬಂತು, ಎಲ್ಲ ನಿಶ್ಶಬ್ದವಾಯಿತು. ಆಮೇಲೆ ಚಿಲಕ ಸರಿಯುವ ಸದ್ದು. ಅವತ್ತು ನಾವು ಎದ್ದು ಬಂದ ಜಾಗ ಅದೇ. ಅವ್ವ ನನ್ನ ಕೈ ಹಿಡಿದುಕೊಂಡಳು. ತಮ್ಮ ಹಸಿವು ಮರೆತು ಬಾಗಿಲಿಗೆ ಕಿವಿ ಇಟ್ಟ. ಗೆಜ್ಜೆಯ ಸದ್ದು ದೂರದಿಂದ ಹತ್ತಿರ ಬಂತು. ಬರಲಿ ದೇವರೇ, ಈ ಒಂದು ಸಲ ನಿಜವಾಗಿ ಬರಲಿ ಎಂದು ನಾನು ಬೇಡಿಕೊಂಡೆ. ಒಂದು ಸಿನಿಮಾ ದೆವ್ವಕ್ಕಾಗಿ ನಾಲ್ಕು ಜನ ಹಾಗೆ ಉಸಿರು ಹಿಡಿದು ಕೂತಿದ್ದೆವು.

ಆಗ ಜೀಪಿನ ಸದ್ದು ಬಂತು. ಆಮೇಲೆ ಪೊಲೀಸ್ ಬೂಟು. ಆಮೇಲೆ ಒಬ್ಬ ಗಂಡಸು ದಪ್ಪ ದನಿಯಲ್ಲಿ, ಆ ಸೀರೆ ಬಿಚ್ಚು, ನಿನ್ನ ನಾಟಕ ಸಾಕು ಅಂದ. ಇನ್ನೊಬ್ಬ ಅಳುತ್ತ, ಆಸ್ತಿಯ ಆಸೆಗೆ ಹೀಗೆ ಮಾಡಿದೆ ಅಂದ.

“ಸೋದ್ರಮಾವ,” ಅಂದ ತಮ್ಮ, ಬಾಗಿಲಿನಿಂದ ಕಿವಿ ತೆಗೆದು.

ಅತ್ತೆ ಮೂಗು ಒರೆಸಿಕೊಂಡಳು. ಅವ್ವ ನನ್ನ ಕೈ ಬಿಟ್ಟು ಎದ್ದಳು, ಜೋರಾಗಿ ಕೆಮ್ಮಿ ಬಾಗಿಲು ತೆಗೆದಳು. ಧೂಪದ ಹೊಗೆ ಕೆಳಗಿಳಿದಿತ್ತು, ಸಾರಿನ ಮೇಲೆ ಜಿಡ್ಡು ಕಟ್ಟಿತ್ತು. ಅವ್ವ ಮೊಬೈಲನ್ನು ಎತ್ತಿ ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

“ಮುಂದಿನ್ ವರ್ಸಕ್ಕೆ ಇನ್ನೊಂದು ನೋಡಿಡು. ಹೆಸ್ರು ಜೋರಾಗಿರ್ಲಿ,” ಅಂದಳು.

ಆಮೇಲೆ ಅಪ್ಪನ ಫೋಟೋದ ಕಡೆ ತಿರುಗಿ, ಅವನು ಬಸ್ಸಿನಲ್ಲಿ ನನ್ನ ತಲೆ ಸವರಿ ಹೇಳುತ್ತಿದ್ದ ಹಾಗೆಯೇ, “ಮುಂದಿನ್ ಸಲ ಬತ್ತಾಳೆ ಬುಡಿ,” ಅಂದಳು. ಊಟಕ್ಕೆ ಎಲೆ ಹಾಕು ಎಂದು ತಮ್ಮನಿಗೆ ಹೇಳಿ ಅಡುಗೆಮನೆಗೆ ಹೋದಳು.